ಅನ್ನ ಕಲಸುವುದೂ ಒಂದು ಪಾಠ

ಜಯನಗರ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸ್ ಬದಿಯಲ್ಲಿ ಸಂಜೆಯಾದರೆ ಹೂವಿನವರ ಸಾಲು. ಒದ್ದೆ ಗೋಣಿತಾಟಿನ ಮೇಲೆ ಮಲ್ಲಿಗೆ ಮೊಗ್ಗಿನ ರಾಶಿ, ಬುಟ್ಟಿಯಲ್ಲಿ ಕನಕಾಂಬರ, ಮರುಗದ ಕಟ್ಟು, ಬೆನ್ನ ಹಿಂದೆ ಸ್ಟ್ಯಾಂಡಿಗೆ ತಿರುಗುವ ಬಸ್ಸುಗಳ ಹಾರನ್ನು, ಎದುರಿಗೆ ಜೋಳ ಸುಡುವ ಕೆಂಡದ ಹೊಗೆ. ಹೂವಿನಾಕೆ ಗಿರಾಕಿಯ ಮುಖ ನೋಡುತ್ತ, ರೇಟು ಹೇಳುತ್ತ, ಚಿಲ್ಲರೆ ತಪ್ಪಾಗಿ ಎಣಿಸಿದ ಮಗನನ್ನು ಗದರುತ್ತ ಹೂ ಕಟ್ಟುತ್ತಲೇ ಇದ್ದಾಳೆ. ಕೈಯ ಕಡೆಗೆ ಕಣ್ಣೇ ಇಲ್ಲ. ಎರಡು ಮೊಗ್ಗು ಈಚೆಗೆ, ಎರಡು ಆಚೆಗೆ. ಎಡಗೈ ಹೆಬ್ಬೆರಳು ತೊಟ್ಟುಗಳನ್ನು ಒತ್ತಿ ಹಿಡಿದಿರುವಾಗಲೇ ಬಲಗೈ ದಾರ ಸುತ್ತಿ, ಕುಣಿಕೆ ಹಾಕಿ, ಸರಕ್ಕನೆ ಎಳೆದು ಬಿಗಿಯುತ್ತದೆ. ಪಕ್ಕದಲ್ಲೊಬ್ಬಳು ಹುಡುಗಿ, ಬೆನ್ನಿಗೆ ಬ್ಯಾಗು, ಕೈಯಲ್ಲಿ ಸಣ್ಣ ನೋಟ್‌ಬುಕ್ಕು. ಹೂವನ್ನು ಕೊಳ್ಳುವುದೂ ಇಲ್ಲ, ಅಲ್ಲಿಂದ ಕದಲುವುದೂ ಇಲ್ಲ.

“ಏನ್ ತಾಯಿ, ಹಂಗೇ ನೋಡ್ತಾ ನಿಂತ್ಬಿಟ್ಟೆ? ಎಷ್ಟು ಮೊಳ ಕೊಡ್ಲಿ?”

“ಹೂ ಬೇಡಕ್ಕ, ನೀವು ಕಟ್ಟೋದನ್ನ ಬರ್ಕೋತಾ ಇದೀನಿ.”

ಹೂವಿನಾಕೆಗೆ ನಗು ತಡೆಯಲಾಗಲಿಲ್ಲ. ಆದರೆ ನೋಟ್‌ಬುಕ್ಕಿನಲ್ಲಿದ್ದದ್ದು ತಮಾಷೆಯಲ್ಲ. ಯಾವ ಬೆರಳು ಒತ್ತುತ್ತದೆ, ಯಾವುದು ಬರೀ ಆಸರೆ ಕೊಡುತ್ತದೆ, ಮಣಿಕಟ್ಟು ಎಷ್ಟು ಬಾಗಿದೆ, ಕೂತ ಬೆನ್ನಿಗೆ ಎಲ್ಲಿ ಭಾರ, ಕಣ್ಣಿನ ಕೆಲಸವೆಷ್ಟು, ನೆನಪಿನ ಕೆಲಸವೆಷ್ಟು — ಎಲ್ಲವೂ ಒಂದರ ಕೆಳಗೊಂದು. ಆಕ್ಯುಪೇಷನಲ್ ಥೆರಪಿ ಕಲಿಯುವವರ ಮೊದಲ ಪಾಠಗಳಲ್ಲಿ ಇದೂ ಒಂದು. ನಾವು ಯೋಚಿಸದೆ ಮಾಡಿಬಿಡುವ ಕೆಲಸವನ್ನು ಎಳೆಎಳೆಯಾಗಿ ಬಿಡಿಸಿ ನೋಡಬೇಕು. ಮುಂದೊಂದು ದಿನ ಆ ಕೆಲಸ ಕೈಬಿಟ್ಟುಹೋದವರು ಎದುರಿಗೆ ಕೂತಾಗ ಯಾವ ಎಳೆ ಕಡಿದಿದೆ ಎಂದು ಗೊತ್ತಾಗಬೇಕು.

ನಮ್ಮ ನಾಡಿನಲ್ಲಿ ಈ ಓದಿಗೆ ಹೆಸರಾದ ಊರು ಮಣಿಪಾಲ. ನಾಲ್ಕು ವರ್ಷ ಪಾಠ, ಆಮೇಲೆ ಆರು ತಿಂಗಳ ಇಂಟರ್ನ್‌ಶಿಪ್ ಎಂಬುದು ಬಹುಕಾಲ ನಡೆದು ಬಂದ ಲೆಕ್ಕ. ಮೊದಲ ವರ್ಷ ಫಾರ್ಮಲಿನ್ ವಾಸನೆಯ ಅನಾಟಮಿ ಹಾಲಿನಲ್ಲಿ ಕಣ್ಣುರಿಸಿಕೊಂಡು, ಒಂದೇ ಕೈಯಲ್ಲಿ 27 ಮೂಳೆಗಳನ್ನು ಎಣಿಸಬೇಕು. ಮೀಡಿಯನ್, ಅಲ್ನಾರ್, ರೇಡಿಯಲ್ ಎಂಬ ಮೂರು ನರಗಳ ದಾರಿಯನ್ನು ಕಂಕುಳಿನಿಂದ ಬೆರಳ ತುದಿಯವರೆಗೆ ಬಾಯಿಪಾಠ ಮಾಡಬೇಕು. ಜೊತೆಗೇ ಮನಶ್ಶಾಸ್ತ್ರ, ಸಮಾಜಶಾಸ್ತ್ರ. ನರರೋಗ, ಮೂಳೆರೋಗ, ಮನೋರೋಗ, ಮಕ್ಕಳ ಬೆಳವಣಿಗೆ ಬರುವುದು ಆಮೇಲೆ. ವಿಶ್ವ ಆಕ್ಯುಪೇಷನಲ್ ಥೆರಪಿಸ್ಟರ ಒಕ್ಕೂಟದ ಕಟ್ಟಳೆಯಂತೆ ಕಡಿಮೆಯೆಂದರೂ 1,000 ಗಂಟೆ ರೋಗಿಗಳ ನಡುವೆ ಕಳೆಯಬೇಕು. 1952ರಲ್ಲಿ ಆ ಒಕ್ಕೂಟ ಕಟ್ಟಿದ ದೇಶಗಳಲ್ಲಿ ಭಾರತವೂ ಇತ್ತು. ಅದಕ್ಕೆ ಎರಡು ವರ್ಷ ಮೊದಲೇ, 1950ರಲ್ಲಿ, ಅಮೆರಿಕದಲ್ಲಿ ಹುಟ್ಟಿ ಮರಾಠಿ ಮನೆಯ ಸೊಸೆಯಾಗಿ ಬಂದ ಕಮಲಾ ನಿಂಬ್ಕರ್ ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ದೇಶದ ಮೊದಲ ಶಾಲೆ ತೆರೆದಿದ್ದರು.

ಬೈರಸಂದ್ರದ ಮಗ್ಗುಲಲ್ಲಿ ಸಂಜಯ್ ಗಾಂಧಿ ಆಸ್ಪತ್ರೆಯಿರುವ ಬೀದಿಗಳಲ್ಲಿ ಅಡ್ಡಾಡಿದರೆ ಕೊರಳಿಗೆ ಕೈ ಕಟ್ಟಿಕೊಂಡು, ಇನ್ನೊಂದು ಕೈಯಲ್ಲಿ ಟೀ ಲೋಟ ಹಿಡಿದವರು ಕಾಣುತ್ತಾರೆ. ಇಂಥವರಿಗೆ ಸ್ಪ್ಲಿಂಟ್ ಮಾಡಿಕೊಡುವುದೂ ಈ ಮಕ್ಕಳ ಕೆಲಸವೇ. ಕಾಗದದ ಮೇಲೆ ಕೈಯಿಟ್ಟು ಪೆನ್ಸಿಲಿನಲ್ಲಿ ಗೆರೆ ಎಳೆದು, ದರ್ಜಿಯ ಹಾಗೆ ಅಳತೆ ತೆಗೆದು, ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಬಿಸಿನೀರಿನ ಬಾಣಲೆಯಲ್ಲಿ ಮುಳುಗಿಸುತ್ತಾರೆ. 65-70 ಡಿಗ್ರಿಯ ನೀರಿನಲ್ಲಿ ಹಾಳೆ ಮೆತ್ತಗಾಗುತ್ತದೆ. ಒರೆಸಿ, ತನ್ನ ಕೈಗೇ ಮೊದಲು ತಾಗಿಸಿ ಬಿಸಿ ನೋಡಿಕೊಂಡು, ರೋಗಿಯ ಮುಂಗೈಗೆ ಹೊದಿಸಿ, ಗಟ್ಟಿಯಾಗುವ ಮುನ್ನ ಆಕಾರ ಕೊಡಬೇಕು. ರೇಡಿಯಲ್ ನರ ಕೆಟ್ಟು ಮಣಿಕಟ್ಟು ಜೋತುಬಿದ್ದಿದ್ದರೆ ಅದನ್ನು ಸುಮಾರು 20-30 ಡಿಗ್ರಿ ಮೇಲಕ್ಕೆತ್ತಿ ನಿಲ್ಲಿಸಬೇಕು. ಅಂಚು ಚೂಪಾಗಿ ಉಳಿದರೆ ರಾತ್ರಿಯೊಳಗೆ ಚರ್ಮ ಕೆಂಪಾಗುತ್ತದೆ. ಮಾರ್ಕ್ಸ್ ಕಾರ್ಡಿಗಿಂತ ಈ ಅಂಚನ್ನು ನೋಡಿದರೆ ಕಲಿತವರ ಹದ ತಿಳಿಯುತ್ತದೆ.

ಪುಸ್ತಕಗಳೆಲ್ಲ ಹೊರದೇಶದವು. ಮನುಷ್ಯ ತನ್ನ ಪಾಡು ತಾನು ಎಷ್ಟು ನೋಡಿಕೊಳ್ಳಬಲ್ಲ ಎಂದು ಅಳೆಯುವ, 1965ರ ಬಾರ್ಥೆಲ್ ಸೂಚ್ಯಂಕದಲ್ಲಿ ಹತ್ತು ಕೆಲಸಗಳಿಗೆ ನೂರು ಅಂಕ. ಊಟದ ಅಂಕ ಕೊಡುವಾಗ ಬ್ರೆಡ್ಡಿಗೆ ಬೆಣ್ಣೆ ಸವರಲು ಬರುತ್ತದೋ ಇಲ್ಲವೋ ಎಂದು ನೋಡಬೇಕಂತೆ! ಬಿಸಿ ಅನ್ನಕ್ಕೆ ಸಾರು ಹಾಕಿ ಐದೂ ಬೆರಳಲ್ಲಿ ಕಲಸುವುದು, ಮುದ್ದೆ ಮುರಿದು ಅದ್ದುವುದು, ಪಂಚೆಯ ನೆರಿಗೆ ಹಿಡಿಯುವುದು, ಬಗ್ಗಿ ರಂಗೋಲಿ ಎಳೆಯುವುದು, ಚಕ್ಕಳಮಕ್ಕಳ ಕೂತು ಏಳುವುದು ಆ ಪಟ್ಟಿಯಲ್ಲಿಲ್ಲ. ಆ ಪಾಠವನ್ನು ಇಲ್ಲಿಯವರೇ ಇಲ್ಲಿಯ ಮನೆಗಳಲ್ಲಿ ಕಲಿಯಬೇಕು.

ಕಲಿಯುತ್ತಾರೆ ಕೂಡ. ಲಕ್ವ ಹೊಡೆದು ಬಲಗೈ ಸೋತಿರುವ ಅಜ್ಜಿಯೊಬ್ಬರ ಮುಂದೆ ಒಂಬತ್ತು ತೂತಿನ ಹಲಗೆ, ಒಂಬತ್ತು ಕಡ್ಡಿ. “ಇದೇನು ಮಕ್ಕಳಾಟ” ಎಂದು ಅಜ್ಜಿ ಮುಖ ತಿರುಗಿಸಿ ಕೂತರು. ಅವರೆಯ ಕಾಲ, ಊರಿಗೆಲ್ಲ ಸೊಗಡಿನ ವಾಸನೆ. ಮಾರನೆಯ ದಿನ ಹುಡುಗಿ ರಾತ್ರಿ ನೆನೆಸಿಟ್ಟ ಅವರೆಕಾಳನ್ನು ಸ್ಟೀಲ್ ಡಬ್ಬಿಯಲ್ಲಿ ತಂದು ಮುಂದಿಟ್ಟಳು. ಹೆಬ್ಬೆರಳು, ತೋರುಬೆರಳಿನ ತುದಿಗಳನ್ನು ಎದುರುಬದುರು ತಂದು ಹದವಾಗಿ ಒತ್ತಿದರಷ್ಟೇ ಸಿಪ್ಪೆಯಿಂದ ಬೇಳೆ ಪುಳಕ್ಕನೆ ಜಾರುವುದು. ಒತ್ತು ಕಡಿಮೆಯಾದರೆ ಬಾರದು, ಹೆಚ್ಚಾದರೆ ಜಜ್ಜಿಹೋಗುತ್ತದೆ. ಮೊದಲ ಕಾಳು ಟೇಬಲ್ ದಾಟಿ ಹಾರಿತು. ಸಹಾಯಕ್ಕೆ ಬಂದ ಎಡಗೈಯನ್ನು ಹುಡುಗಿ ಮೆಲ್ಲಗೆ ಹಿಡಿದುಕೊಂಡಳು. “ನಿಧಾನ ಅಜ್ಜಿ.” “ಸುಮ್ನಿರೇ, ಹಿತುಕೋದನ್ನ ನಂಗೇ ಹೇಳ್ಕೊಡ್ತೀಯಾ?” ಎನ್ನುತ್ತ ಅಜ್ಜಿ ಮುಂದಿನ ಕಾಳಿಗೆ ಕೈಹಾಕಿದರು. ನಿಮಿಷಕ್ಕೆ ಎಷ್ಟು ಕಾಳು ಎಂಬ ಲೆಕ್ಕ ಸದ್ದಿಲ್ಲದೆ ಪುಸ್ತಕಕ್ಕಿಳಿಯಿತು.

ಜೆ.ಪಿ. ನಗರದ ಕಡೆ ಪೋಸ್ಟಿಂಗ್ ಬಿದ್ದರೆ ಬೇರೆಯೇ ಲೋಕ. ಮನೆಯ ಮೊದಲ ಮಹಡಿಯಲ್ಲಿ ಮೆತ್ತೆ ಹಾಸು, ಸೂರಿನ ಕೊಂಡಿಗೆ ಉಯ್ಯಾಲೆ, ದೊಡ್ಡ ರಬ್ಬರ್ ಚೆಂಡು, ಟಬ್ಬಿನ ತುಂಬ ರಾಗಿ, ಅದರೊಳಗೆ ಹುದುಗಿಸಿಟ್ಟ ಗೋಲಿಗಳು. ಮಿಕ್ಸಿ ಸದ್ದಿಗೆ ಕಿವಿ ಮುಚ್ಚಿಕೊಳ್ಳುವ, ಅಂಗಿಯ ಕಾಲರ್ ಪಟ್ಟಿ ತಾಗಿದರೆ ಕಿರುಚುವ ಮಗುವಿನ ಜೊತೆ ಇವರೂ ನೆಲಕ್ಕೆ ಮೈಚೆಲ್ಲಿ ಹೊರಳುತ್ತಾರೆ. ಹೊರಗೆ ಬೆಂಚಿನ ಮೇಲೆ ಕೂತ ತಾಯಿಗೆ ಇದು ಬರೀ ಆಟದಂತೆ ಕಾಣಬಹುದು. ತೂಗುವುದೆಷ್ಟು, ನಿಲ್ಲಿಸುವುದೆಲ್ಲಿ ಎಂಬುದರ ಹಿಂದೆ ಜೀನ್ ಏರ್ಸ್ ಎಂಬ ಅಮೆರಿಕದ ಥೆರಪಿಸ್ಟ್ ಇಂದ್ರಿಯಗಳ ಹೊಂದಾಣಿಕೆಯ ಬಗ್ಗೆ ಕಟ್ಟಿದ ಸಿದ್ಧಾಂತವಿದೆ. ಉಯ್ಯಾಲೆ ತೂಗುಹಾಕಿದಲ್ಲೆಲ್ಲ ಥೆರಪಿ ನಡೆಯುತ್ತಿದೆ ಎಂದು ಮಾತ್ರ ನಾನು ನಂಬಲಾರೆ.

ಬಿಟಿಎಂನ ಪಿಜಿಯಿಂದ ಬಸ್ಸು ಹತ್ತಿ ಡೇರಿ ಸರ್ಕಲ್ ದಾಟಿದರೆ ನಿಮ್ಹಾನ್ಸ್. ಹಳೆಯ ಮಾನಸಿಕ ಆಸ್ಪತ್ರೆಯನ್ನೂ 1954ರ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯನ್ನೂ ಕೂಡಿಸಿ 1974ರಲ್ಲಿ ಕಟ್ಟಿದ ಸಂಸ್ಥೆ. ಅದರ ಪುನರ್ವಸತಿ ವಿಭಾಗದಲ್ಲಿ ಬೇಕರಿಯಿದೆ, ಮರಗೆಲಸವಿದೆ, ಹೊಲಿಗೆಯಿದೆ. ಮನಸ್ಸಿನ ಕಾಯಿಲೆಯಲ್ಲಿ ವರ್ಷಗಟ್ಟಲೆ ದಿನಚರಿಯೇ ಕಳೆದುಹೋದವರಿಗೆ ಬ್ರೆಡ್ ಮಾಡುವುದೆಂದರೆ ಹೊತ್ತಿಗೆ ಸರಿಯಾಗಿ ಬರುವುದು, ಕೈ ತೊಳೆಯುವುದು, ಹಿಟ್ಟು ತೂಗುವುದು, ಉಬ್ಬುವವರೆಗೆ ಕಾಯುವುದು, ಪಕ್ಕದವರ ಜೊತೆ ಎರಡು ಮಾತಾಡುವುದು. ಹೂ ಕಟ್ಟುವುದನ್ನು ಬಿಡಿಸಿ ಕಲಿತವರಿಗೆ ಇದನ್ನು ಬಿಡಿಸುವುದು ಕಷ್ಟವಲ್ಲ. ಇವತ್ತು ತೂಕವಷ್ಟೇ ಸಾಕೋ, ಓವನ್ನಿನ ಬಳಿ ಬಿಡಬಹುದೋ ಎಂದು ಆ ವ್ಯಕ್ತಿಗೆ ತಕ್ಕಂತೆ ತೀರ್ಮಾನಿಸುವುದೇ ಕಷ್ಟ.

ಕೊನೆಗೆ ಮನೆ ಭೇಟಿ. ಬನಶಂಕರಿಯ ಮೂವತ್ತು-ನಲವತ್ತು ಸೈಟು, ಹಳೆಯ ಮನೆ; ಎಡಗೈ ಎಡಗಾಲು ಸೋತ ತಾತ ಆಸ್ಪತ್ರೆಯಿಂದ ಮರಳುವವರಿದ್ದಾರೆ. ಗೇಟಿನಿಂದ ಬಾಗಿಲಿಗೆ ಮೂರು ಮೆಟ್ಟಿಲು, ಒಟ್ಟು ಒಂದೂವರೆ ಅಡಿ ಎತ್ತರ. ಒಂದು ಅಡಿ ಏರಲು ಹನ್ನೆರಡು ಅಡಿ ಇಳಿಜಾರು ಎಂಬುದು ಪುಸ್ತಕದ ಲೆಕ್ಕ. ಹದಿನೆಂಟು ಅಡಿ ರ್‍ಯಾಂಪ್ ಹಾಕಿದರೆ ಅದು ಗೇಟು ದಾಟಿ ರಸ್ತೆಗಿಳಿದು, ಎದುರುಮನೆಯವರ ಕಾರಿನ ಕೆಳಗೆ ಹೋಗಿ ನಿಲ್ಲುತ್ತದೆ. ಪುಣ್ಯಕ್ಕೆ ತಾತ ವೀಲ್‌ಚೇರ್ ಬಿಟ್ಟು ಕೋಲು ಹಿಡಿದಿದ್ದಾರೆ. ಹಾಗಾಗಿ ರ್‍ಯಾಂಪ್ ಬೇಡ, ಮೆಟ್ಟಿಲುಗಳನ್ನು ತಗ್ಗಿಸಿ ಕಂಬಿ ಹಾಕಿಸೋಣ ಎಂದಾಯಿತು.

ವೆಲ್ಡಿಂಗಿನವನು ಟೇಪು ಹಿಡಿದು ಬಂದ. “ಬಲಗೈ ಗಟ್ಟಿ ಇದೆ ಅಂದ್ರಲ್ಲ ಮೇಡಂ. ಬಲಗಡೆ ಒಂದು ಪೈಪು ಹಾಕಿದ್ರೆ ಆಯ್ತು.”

“ಹತ್ತೋವಾಗ ಆಯ್ತಣ್ಣ. ಇಳಿಯೋವಾಗ?”

ಅವನು ಬಾಗಿಲ ಬಳಿ ಹೋಗಿ, ಎಡಗೈಯನ್ನು ಸುಮ್ಮನೆ ಜೋತುಬಿಟ್ಟು, ರಸ್ತೆಗೆ ಮುಖ ಮಾಡಿ ನಿಂತು ನೋಡಿದ. ಪೈಪು ಹಾಕಬೇಕೆಂದಿದ್ದ ಜಾಗ ಈಗ ಎಡಕ್ಕಿತ್ತು.

“ಎರಡೂ ಕಡೆ ಬೇಕು,” ಎಂದ. “ಹಂಗಾದ್ರೆ ರೇಟು ಬೇರೆ ಆಗ್ತದೆ, ಈಗ್ಲೇ ಹೇಳ್ಬಿಟ್ಟೆ.”