ಸಭೆಯ ಹಿರಿಯರು

ಹಿರಿತನವೆಂದೊಡನೆ ನಮ್ಮ ಕಣ್ಣಮುಂದೆ ಬರುವುದು ಮುಂದಿನ ಸಾಲಿನ ಕುರ್ಚಿ. ಮಾಡಬೇಕಾದ ಕೆಲಸ ನೆನಪಾಗುವುದು ಆಮೇಲೆ. ಈ ಮಾತು ಕ್ರೈಸ್ತ ಸಭೆಗಳಿಗೂ ಸಲ್ಲುತ್ತದೆ.

ಆದರೆ ಆ ಸಭೆಯ ಮೊದಲ ದಿನಗಳ ಕಥೆ ಬೇರೆ. ಯೆರೂಸಲೇಮಿನಲ್ಲಿ ದಿನದಿನದ ಹಂಚಿಕೆಯ ವೇಳೆ ಗ್ರೀಕ್ ಮಾತನಾಡುವ ವಿಧವೆಯರನ್ನು ಕಡೆಗಣಿಸುತ್ತಿದ್ದಾರೆಂಬ ಗೊಣಗಾಟ ಎದ್ದಿತೆಂದು ‘ಅಪೊಸ್ತಲರ ಕೃತ್ಯಗಳು’ ಹೇಳುತ್ತದೆ. ಅಪೊಸ್ತಲರು ದೂರಿದವರನ್ನು ಗದರಿಸಲಿಲ್ಲ. ಒಳ್ಳೆಯ ಹೆಸರುಳ್ಳ ಏಳು ಮಂದಿಯನ್ನು ಆರಿಸಿಕೊಳ್ಳಿರೆಂದು ಸಭೆಗೇ ಬಿಟ್ಟರು. ಆರಿಸಿದ ಏಳೂ ಹೆಸರುಗಳು ಗ್ರೀಕ್ ಹೆಸರುಗಳೇ. ಹಸಿದವರ ಕಡೆಯವರ ಕೈಗೇ ಸೌಟು ಬಂತೆಂದು ನಾನು ತಿಳಿಯುತ್ತೇನೆ.

ರಾಯಚೂರಿನಲ್ಲಿ ಮೆಥೊಡಿಸ್ಟರೂ ಇದ್ದಾರೆ, ಬಳ್ಳಾರಿ ಧರ್ಮಪ್ರಾಂತ್ಯಕ್ಕೆ ಸೇರಿದ ಕ್ಯಾಥೊಲಿಕರೂ ಇದ್ದಾರೆ. ಪ್ರತಿಯೊಂದು ಧರ್ಮಕೇಂದ್ರಕ್ಕೂ ಹಣಕಾಸಿನ ಸಮಿತಿಯೊಂದು ಇರಲೇಬೇಕೆಂದು ಕ್ಯಾಥೊಲಿಕರ 1983ರ ಧರ್ಮಸಂಹಿತೆ ವಿಧಿಸುತ್ತದೆ. ಪಾಲನಾ ಸಮಿತಿಗಾದರೋ ಸಲಹೆ ಕೊಡುವ ಹಕ್ಕು ಮಾತ್ರ. ಮೆಥೊಡಿಸ್ಟರಲ್ಲಿ ಸಭಾಪಾಲಕರನ್ನು ನೇಮಿಸುವವರು, ವರ್ಗಾಯಿಸುವವರು ಬಿಷಪ್ಪರು. ಪಾಲಕರು ಬರುತ್ತಾರೆ, ಹೋಗುತ್ತಾರೆ. ಊರಲ್ಲೇ ಉಳಿಯುವವರು ಹಿರಿಯರು. ಯಾವ ಜಾಗದ ಕಾಗದ ಯಾವ ಪೆಟ್ಟಿಗೆಯಲ್ಲಿದೆ, ಯಾವ ಎರಡು ಮನೆಗಳ ನಡುವೆ ಮಾತಿಲ್ಲ ಎಂಬುದು ಅವರಿಗೆ ಗೊತ್ತಿರಬೇಕು. ಕಾಣಿಕೆಯನ್ನು ಒಬ್ಬರೇ ಎಣಿಸಬಾರದು, ಲೆಕ್ಕವನ್ನು ಎಲ್ಲರೆದುರು ಓದಬೇಕು. ಇದು ಅನುಮಾನದ ಮಾತಲ್ಲ. ಎಣಿಸಿದವನ ಮಾನವನ್ನೂ ಕಾಯುವ ಏರ್ಪಾಡು.

ಲೆಕ್ಕದಿಂದಲೇ ಕರುಣೆ ಹುಟ್ಟಿದ ಪ್ರಸಂಗವೊಂದುಂಟು. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಮೆಥೊಡಿಸ್ಟರ ಕೂಟದ ಮನೆಯ ಮೇಲೆ ಸಾಲವಿತ್ತು. ಒಬ್ಬೊಬ್ಬರೂ ವಾರಕ್ಕೊಂದು ಪೆನ್ನಿ ಕೊಡಲಿ ಎಂದು ಒಬ್ಬರು ಸೂಚಿಸಿದರು. ಕೊಡಲಾರದವರ ಗತಿ? ಹನ್ನೊಂದು ಮಂದಿಯನ್ನು ನನಗೆ ಒಪ್ಪಿಸಿರಿ, ಅವರಿಂದಾಗದಿದ್ದರೆ ನಾನೇ ತುಂಬುತ್ತೇನೆ ಎಂದರು ಅವರು. ಹೀಗೆ ವಾರವಾರ ಮನೆಮನೆಗೆ ಹೋದವರಿಗೆ ಕಾಸಿಗಿಂತ ಮಿಗಿಲಾಗಿ ಒಳಗಿನ ಸಂಗತಿ ಕಂಡಿತು: ಕುಡಿತ, ಜಗಳ, ರೋಗ. ಜಾನ್ ವೆಸ್ಲಿ ಇದನ್ನು ಗಮನಿಸಿ, ಸಾಲದ ವಸೂಲಿಗೆ ಹುಟ್ಟಿದ ಗುಂಪನ್ನೇ ಪಾಲನೆಯ ಕ್ರಮವನ್ನಾಗಿ ಮಾಡಿದರು.

ನಮ್ಮ ಜಿಲ್ಲೆಗೆ ಈ ಕ್ರಮ ಬೇಕೆಂದು ನನಗೆ ತೋರುತ್ತದೆ. ದೇವದುರ್ಗದ ಹಳ್ಳಿಗಳಿಂದ ಸುಗ್ಗಿ ಮುಗಿದೊಡನೆ ಬೆಂಗಳೂರು, ಪುಣೆಗಳಿಗೆ ಗುಳೆ ಹೊರಡುತ್ತಾರೆ. ಮಾನ್ವಿಯಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯುಂಟು. ಆದರೆ ಕೊನೆಯ ಹೊಲಗಳಿಗೆ ನೀರು ಮುಟ್ಟದ ವರ್ಷ ಅಲ್ಲಿಯವರೂ ಗಂಟು ಕಟ್ಟುತ್ತಾರೆ. ಊರಲ್ಲಿ ಉಳಿಯುವವರು ಮುದುಕರು, ಮಕ್ಕಳು. ಆ ಭಾನುವಾರಗಳಲ್ಲಿ ಖಾಲಿ ಜಾಗಗಳನ್ನು ಎಣಿಸಬೇಕಾದವರು ಯಾರು? ಅಜ್ಜಿಯ ಪಡಿತರ ಬಂತೇ, ಮೊಮ್ಮಗಳು ಶಾಲೆ ಬಿಟ್ಟಳೇ ಎಂದು ಕೇಳಬೇಕಾದವರು ಯಾರು? ಇದು ಮೊದಲು ತಿಳಿಯುವುದು ಹೆಂಗಸರಿಗೆ. ಅವರಿಲ್ಲದ ಸಮಿತಿ ಅರ್ಧ ಊರನ್ನು ಕಾಣದು.

ಸಮಿತಿ ಕೂಡಿದಾಗ ಕಾಂಪೌಂಡ್ ಗೋಡೆಯ ಸುಣ್ಣದ ಚರ್ಚೆಗೆ ಒಂದು ಗಂಟೆ ಹೋಗುವುದುಂಟು. ಹೋಗಲಿ. ಅದಕ್ಕೆ ಮೊದಲು ಗುಳೆ ಹೋದ ಮನೆಗಳ ಪಟ್ಟಿಯನ್ನು ಒಬ್ಬರು ಎದ್ದುನಿಂತು ಓದಲಿ, ಯಾವ ಮನೆಗೆ ಯಾರು ಹೋಗಿಬರುವರೆಂದು ಅಲ್ಲೇ ಬರೆದುಕೊಳ್ಳಲಿ.