ಬೇವಿನ ಕಡ್ಡಿ ಇರಲಿ, ಇಟ್ಟಿಗೆ ಪುಡಿ ಬೇಡ

ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ ಅನ್ನೋ ಗಾದೆ ನಮಗೆಲ್ಲ ಗೊತ್ತು. ಕಡಲೆಯನ್ನೇನೋ ಬೆಳೆದುಕೊಳ್ಳಬಹುದು. ಹೋದ ಹಲ್ಲು ಮತ್ತೆ ಬೆಳೆಯೋದಿಲ್ಲ.

ಬಯಲುಸೀಮೆಯಲ್ಲಿ ಹಲ್ಲುಜ್ಜೋಕೆ ಬದುವಿನ ಬೇವು, ಹೊಂಗೆ, ಜಾಲಿ ಕಡ್ಡಿಗಳೇ ಹಿಂದಿನಿಂದ ಬಳಕೆ. ಉತ್ತರಾಣಿ ಬೇರಿನಲ್ಲಿ ಉಜ್ಜುವವರೂ ಉಂಟು. ಬೇವಿನ ಕಹಿ, ಜಾಲಿಯ ಒಗರಿಗೆ ಬಾಯಲ್ಲಿ ಜೊಲ್ಲು ಚೆನ್ನಾಗಿ ಬರುತ್ತೆ. ಅಗಿದ ತುದಿಯ ನಾರು ಹಲ್ಲಿನ ಮೇಲಿನ ಪಾಚಿ ತೆಗೆಯುತ್ತೆ.

ಕಿರುಬೆರಳಿಗಿಂತ ಸಣ್ಣದಾದ, ಒಂದು ಗೇಣು ಉದ್ದದ ಹಸಿ ಕಡ್ಡಿ ಸಾಕು. ತುದಿಯನ್ನು ಅರ್ಧ ಅಂಗುಲ ಅಗಿದು ಕುಂಚ ಮಾಡಿಕೊಳ್ಳಿ. ಗರಗಸದ ಹಾಗೆ ಅಡ್ಡಡ್ಡ ತಿಕ್ಕಬೇಡಿ, ಒಸಡು ಕಿತ್ತುಹೋಗುತ್ತೆ. ಒಸಡಿನಿಂದ ಹಲ್ಲಿನ ತುದಿ ಕಡೆಗೆ ಮೆಲ್ಲಗೆ ಉಜ್ಜಿ. ದವಡೆ ಹಲ್ಲಿನ ಒಳಮಗ್ಗುಲನ್ನೂ ಬಿಡಬೇಡಿ. ಆಮೇಲೆ ಕಡ್ಡಿ ಸೀಳಿ ನಾಲಿಗೆ ಹೆರೆದು ಬಿಸಾಕಿ. ಮಾರನೇ ದಿನಕ್ಕೆ ಹೊಸ ಕಡ್ಡಿ. ಪಕ್ಕದ ಹೊಲಕ್ಕೆ ಔಷಧಿ ಹೊಡೆದಿದ್ದರೆ ಆ ಬದುವಿನ ಮರದ ಕಡ್ಡಿ ಮುರಿಯಬೇಡಿ.

ಬೂದಿ, ಇದ್ದಿಲು, ಇಟ್ಟಿಗೆ ಪುಡಿಯ ಮಾತು ಬೇರೆ. ಹಲ್ಲಿನ ಮೇಲೆ ಎನಾಮಲ್ ಅನ್ನೋ ಗಟ್ಟಿ ಕವಚ ಇರುತ್ತೆ. ಈ ಪುಡಿಗಳಲ್ಲಿರೋ ಮರಳಿನಂಥ ಕಣ ಅದನ್ನು ದಿನಾ ಒಂದಿಷ್ಟು ಸವೆಸುತ್ತೆ. ಮೊದಮೊದಲು ಹಲ್ಲು ಬೆಳ್ಳಗೆ ಕಾಣುತ್ತೆ. ಕವಚ ಸವೆದ ಮೇಲೆ ತಣ್ಣೀರು ಕುಡಿದರೂ ಜುಮ್ಮೆನ್ನುತ್ತೆ.

ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆ ಮಕ್ಕಳ ಹಲ್ಲಿನಲ್ಲಿ ಕಂದು ಕಲೆ ಕಾಣುತ್ತೆ. ಮದುವೆಗೆ ಬಂದ ಹೆಣ್ಣುಮಕ್ಕಳು ನಾಚಿಕೆಗೆ ಅದನ್ನು ಇಟ್ಟಿಗೆ ಪುಡಿಯಲ್ಲಿ ತಿಕ್ಕುತ್ತಾರೆ. ಅದು ಕೊಳೆಯಲ್ಲ, ಎಷ್ಟು ತಿಕ್ಕಿದರೂ ಹೋಗೋದಿಲ್ಲ. ಕಲ್ಲಿನಲ್ಲಿರೋ ಫ್ಲೋರೈಡು ಬೋರಿನ ನೀರಿಗೆ ಕರಗಿ ಬರುತ್ತೆ. ಸುಮಾರು ಎಂಟು ವರ್ಷದವರೆಗೆ ಮಕ್ಕಳ ಹೊಸ ಹಲ್ಲು ಒಸಡಿನೊಳಗೇ ಬಲಿಯುತ್ತಿರುತ್ತೆ. ಆಗ ಕುಡಿದ ನೀರಿನ ಗುರುತು ಅದು. ಉಜ್ಜದೆ ಬಿಟ್ಟಿದ್ದಾಳೆ ಅಂತ ಹುಡುಗಿಯನ್ನು ಜರಿಯೋದು ತಪ್ಪು.

ಕುಡಿಯೋ ನೀರಲ್ಲಿ ಫ್ಲೋರೈಡು ಲೀಟರಿಗೆ 1 ಮಿಲಿಗ್ರಾಮಿನೊಳಗೆ ಇರಬೇಕು. ಬೇರೆ ನೀರೇ ಇಲ್ಲದಿದ್ದರೆ ಹೆಚ್ಚೆಂದರೆ 1.5. ನೀರು ಕಾಯಿಸಿದರೆ ಅದು ಹೋಗೋದಿಲ್ಲ; ನೀರು ಇಂಗಿದಷ್ಟೂ ಇನ್ನೂ ಗಟ್ಟಿಯಾಗುತ್ತೆ. ಪಂಚಾಯ್ತಿಯಲ್ಲಿ ಕೇಳಿ ಬೋರಿನ ನೀರು ಪರೀಕ್ಷೆ ಮಾಡಿಸಿ. ಚಿಕ್ಕ ಮಕ್ಕಳಿಗೆ, ಬಸುರಿಯರಿಗೆ ಶುದ್ಧ ನೀರಿನ ಘಟಕದ ನೀರನ್ನೋ, ಚೊಕ್ಕಟವಾಗಿ ಹಿಡಿದು ಸೋಸಿಟ್ಟ ಮಳೆನೀರನ್ನೋ ಕೊಡಿ. ಬೋರಿನ ನೀರು ಪಾತ್ರೆ, ಬಟ್ಟೆಗೆ ಇರಲಿ.

ಹೊಗೆಸೊಪ್ಪಿನ ಪುಡಿಯಲ್ಲಿ ಹಲ್ಲುಜ್ಜೋ ಅಭ್ಯಾಸ ಇನ್ನೂ ಇದೆ. ನೋವು ಮರೆತ ಹಾಗಾಗುತ್ತೆ, ಆದರೆ ಬಾಯಿಯ ಕ್ಯಾನ್ಸರಿಗೆ ಅದೇ ದಾರಿ. ಹಲ್ಲುಪುಡಿ, ಪೇಸ್ಟಿಗೆ ಹೊಗೆಸೊಪ್ಪು ಬೆರೆಸೋದನ್ನು 1992ರಲ್ಲೇ ಸರ್ಕಾರ ನಿಷೇಧಿಸಿದೆ. ಹುಳುಕು ಹಲ್ಲಿಗೆ ಎಕ್ಕದ ಹಾಲು ಬಿಡೋದೂ ಬೇಡ, ಒಸಡು ಸುಟ್ಟುಹೋಗುತ್ತೆ. ನೋವಿದ್ದರೆ ಸರ್ಕಾರಿ ಆಸ್ಪತ್ರೆಯ ಹಲ್ಲಿನ ಡಾಕ್ಟರಿಗೆ ತೋರಿಸಿ.

ಇನ್ನೊಂದು ಮಾತು. ನಾವು ಬೆಳಗ್ಗೆ ಉಜ್ಜುತ್ತೇವೆ, ರಾತ್ರಿ ಉಂಡು ಹಾಗೇ ಮಲಗುತ್ತೇವೆ. ಹಲ್ಲಿನ ಸಂದಿಯಲ್ಲಿ ಉಳಿದ ಅನ್ನ, ಬೆಲ್ಲ ರಾತ್ರಿಯಿಡೀ ಹುಳಿಯಾಗಿ ಹಲ್ಲು ತಿನ್ನುತ್ತೆ. ಕಡ್ಡಿಯೋ ಬ್ರಷ್ಷೋ, ಮಲಗೋ ಮುಂಚೆ ಒಂದು ಸಲ ಉಜ್ಜಿ. ಅದಕ್ಕೆ ಎರಡು ನಿಮಿಷ ಸಾಕು.