ದಿಣ್ಣೆಯ ಮೇಲಿನ ನಗರಕ್ಕೆ ನೀರಿನ ಲೆಕ್ಕ

1925ರಲ್ಲಿ ಹೆಸರಘಟ್ಟದ ಕೆರೆ ಬತ್ತಿಹೋಯಿತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಆಡಳಿತಕಾಲದಲ್ಲಿ ಅರ್ಕಾವತಿಯ ನೀರನ್ನು ಅಲ್ಲಿ ತಡೆದು, ಸೋಲದೇವನಹಳ್ಳಿಗೆ ಹರಿಯಿಸಿ, ಉಗಿಯಂತ್ರಗಳಿಂದ ಮೇಲೆತ್ತಿ, 1896ರಲ್ಲಿ ಬೆಂಗಳೂರಿಗೆ ಮೊತ್ತಮೊದಲು ಕೊಳಾಯಿಯ ನೀರನ್ನು ಒದಗಿಸಿದ ಯೋಜನೆ ಮೂವತ್ತು ವರ್ಷ ತುಂಬುವುದರೊಳಗೆ ಹೀಗೆ ಕೈಕೊಟ್ಟಿತು. ವಿಶ್ವೇಶ್ವರಯ್ಯನವರ ಅಧ್ಯಕ್ಷತೆಯ ಸಮಿತಿಯ ಸಲಹೆಯಂತೆ, ಅದೇ ಅರ್ಕಾವತಿಗೆ ಕುಮುದ್ವತಿ ಬಂದು ಸೇರುವ ತಿಪ್ಪಗೊಂಡನಹಳ್ಳಿಯಲ್ಲಿ ಇನ್ನೂ ದೊಡ್ಡದಾದ ಅಣೆಕಟ್ಟು ಎದ್ದು, 1933ರಿಂದ ಅಲ್ಲಿಯ ನೀರು ನಗರಕ್ಕೆ ಬರತೊಡಗಿತು. ಈ ಶತಮಾನದ ಎರಡನೆಯ ದಶಕದ ಹೊತ್ತಿಗೆ ಅದೂ ನಿಂತಿತು. ಹೊಳೆ ಒಂದೇ, ಸೋಲುಗಳು ಎರಡು. ಆದರೆ ಅವುಗಳ ಕಾರಣಗಳು ಭಿನ್ನವಾದುವು, ಮತ್ತು ಬೆಳೆಯುವ ನಗರಕ್ಕೆ ಮುಂದಿನ ತಲೆಮಾರಿನ ನೀರನ್ನು ಗೊತ್ತುಮಾಡಹೊರಟವರು ಮೊದಲು ಅರಿಯಬೇಕಾದುದು ಈ ಭೇದವನ್ನೇ.

ಬೆಂಗಳೂರಿನ ಬಹುಭಾಗವಿರುವುದು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲೆ. ಇಲ್ಲಿ ಬಿದ್ದ ಮಳೆ ಪಶ್ಚಿಮದ ಇಳಿಜಾರಿನಲ್ಲಿ ವೃಷಭಾವತಿ, ಅರ್ಕಾವತಿಗಳ ಮೂಲಕ ಕಾವೇರಿಯನ್ನೂ, ಪೂರ್ವದ ಇಳಿಜಾರಿನಲ್ಲಿ ದಕ್ಷಿಣ ಪಿನಾಕಿನಿಯನ್ನೂ ಸೇರುತ್ತದೆ. ನೀರು ಈ ಊರಿನಿಂದ ಹೊರಡುತ್ತದೆಯೇ ಹೊರತು ಈ ಊರಿಗೆ ಬರುವುದಿಲ್ಲ. ಆದುದರಿಂದಲೇ ಹಿಂದಿನವರು ತಗ್ಗುತಗ್ಗಿಗೂ ಏರಿಯನ್ನು ಹಾಕಿ, ಮೇಲಿನ ಕೆರೆ ಕೋಡಿಬಿದ್ದರೆ ಕೆಳಗಿನದು ತುಂಬುವಂತೆ ಕೆರೆಗಳ ಸಾಲುಗಳನ್ನು ನಿರ್ಮಿಸಿಕೊಂಡಿದ್ದರು. ಕೊಳಾಯಿ ಬಂದ ಮೇಲೆ ಅವುಗಳ ಅಗತ್ಯ ಮರೆತುಹೋಗಿ, ಧರ್ಮಾಂಬುಧಿ ಬಸ್ಸುಗಳ ನಿಲ್ದಾಣವಾಯಿತು, ಸಂಪಂಗಿ ಕೆರೆ ಕ್ರೀಡಾಂಗಣವಾಯಿತು.

ಜಲಯೋಜನೆಯ ಲೆಕ್ಕ ನೋಡುವುದಕ್ಕೆ ಸರಳವಾದುದು: ಮೂವತ್ತು ವರ್ಷಗಳ ತರುವಾಯ ಇರಬಹುದಾದ ಜನರ ಸಂಖ್ಯೆಯನ್ನು, ಮಹಾನಗರಗಳಿಗೆ ನಮ್ಮ ದೇಶದಲ್ಲಿ ಅಂಗೀಕೃತವಾಗಿರುವಂತೆ, ತಲೆಗೆ ದಿನಕ್ಕೆ 150 ಲೀಟರಿನಿಂದ ಗುಣಿಸಿ, ಸೋರಿಕೆಗೂ ಕೈಗಾರಿಕೆಗೂ ಇಷ್ಟೆಂದು ಕೂಡಿಸುವುದು. ತೊಡಕಿರುವುದು ಆ ಮೊದಲನೆಯ ಸಂಖ್ಯೆಯಲ್ಲಿ. ಕಳೆದ ದಶಕದಲ್ಲಿ ಕೂಡಿದಷ್ಟೇ ಮುಂದೆಯೂ ಕೂಡುವುದೆಂದು ಭಾವಿಸಬಹುದು. ವೃದ್ಧಿಯ ಶೇಕಡಾ ಪ್ರಮಾಣವೇ ಸ್ಥಿರವೆನ್ನಬಹುದು. ಇಲ್ಲವೆ ಬೆಲ್ಜಿಯಂ ದೇಶದ ವೆರ್‌ಹುಲ್ಸ್ಟ್ 1838ರಲ್ಲಿ ಸೂಚಿಸಿದಂತೆ, ಮೊದಲು ಚುರುಕಾಗಿ ಏರಿ, ಮಿತಿ ಸಮೀಪಿಸಿದಂತೆ ಮಂದವಾಗುವ ವಕ್ರರೇಖೆಯೊಂದನ್ನು ಎಳೆಯಬಹುದು. ಬೆಂಗಳೂರು ಈ ಮೂರಕ್ಕೂ ಒಗ್ಗಿದ ಊರಲ್ಲ. 1941ರಲ್ಲಿ ಸುಮಾರು 4 ಲಕ್ಷವಿದ್ದ ಜನ 1951ರ ವೇಳೆಗೆ 8 ಲಕ್ಷಕ್ಕೆ ಸಮೀಪವಾದರು. 1971ರಲ್ಲಿ ಹದಿನಾರೂವರೆ ಲಕ್ಷವಿದ್ದವರು ಹತ್ತೇ ವರ್ಷಗಳಲ್ಲಿ 29 ಲಕ್ಷವಾದರು. ಯುದ್ಧವೊಂದು ವಿಮಾನದ ಕಾರ್ಖಾನೆಯನ್ನು ತರುವುದನ್ನಾಗಲಿ, ಗಣಕಯಂತ್ರದ ಉದ್ಯಮ ದೇಶದ ಮೂಲೆಮೂಲೆಗಳಿಂದ ಯುವಜನರನ್ನು ಸೆಳೆಯುವುದನ್ನಾಗಲಿ ಯಾವ ರೇಖೆಯೂ ಮುಂದಾಗಿ ಹೇಳಲಾರದು. ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಸಂಗತಿಯುಂಟು: ಕೊಳವೆ ಹೋದ ಕಡೆಗೆ ಬಡಾವಣೆಯೂ ಹೋಗುತ್ತದೆಯಾದ ಕಾರಣ, ಬೇಡಿಕೆಯನ್ನು ಪೂರೈಸಲೆಂದು ತಂದ ನೀರೇ ಬೇಡಿಕೆಯನ್ನು ಹುಟ್ಟಿಸುತ್ತದೆ. ಹೀಗೆ ಭವಿಷ್ಯವನ್ನು ಅಳೆಯಹೊರಟ ಯೋಜನೆ ತಾನೇ ಆ ಭವಿಷ್ಯದ ಕಾರಣಗಳಲ್ಲೊಂದಾಗಿಬಿಡುವುದನ್ನು ನಮ್ಮ ವರದಿಗಳು ಸಾಕಷ್ಟು ಗಮನಿಸಿದಂತೆ ನನಗೆ ತೋರುವುದಿಲ್ಲ.

ಇನ್ನು ಜಲಾಶಯದ ಗಾತ್ರ. ಸುಗ್ಗಿಯ ಧಾನ್ಯದಿಂದ ವರ್ಷವೆಲ್ಲ ಉಣ್ಣಬೇಕಾದ ಮನೆಯ ಕಣಜ ಎಷ್ಟು ದೊಡ್ಡದಿರಬೇಕು ಎಂಬಂಥದೇ ಈ ಪ್ರಶ್ನೆ. 1883ರಲ್ಲಿ ರಿಪ್ಪಲ್ ಎಂಬ ಇಂಜಿನಿಯರು ಇದಕ್ಕೊಂದು ಸುಂದರವಾದ ಉಪಾಯವನ್ನು ಪ್ರಕಟಿಸಿದನು. ಹೊಳೆಯಲ್ಲಿ ತಿಂಗಳುತಿಂಗಳು ಹರಿದ ನೀರನ್ನು ಒಂದರ ಮೇಲೊಂದು ಕೂಡಿಸುತ್ತ ಹೋದರೆ ಏರುವ ರೇಖೆಯೊಂದು ದೊರೆಯುತ್ತದೆ. ಊರಿಗೆ ಬೇಕಾದ ನೀರನ್ನೂ ಹಾಗೆಯೇ ಕೂಡಿಸಿದರೆ ಒಂದು ಸರಳರೇಖೆ. ಬೇಡಿಕೆಯ ರೇಖೆಗಿಂತ ಹರಿವಿನ ರೇಖೆ ಅತಿ ಹೆಚ್ಚು ಹಿಂದೆ ಬಿದ್ದ ಅವಧಿಯ ಕೊರತೆ ಎಷ್ಟೋ, ಜಲಾಶಯದ ಗಾತ್ರವೂ ಕನಿಷ್ಠ ಅಷ್ಟಿರಬೇಕು. ಇದರ ದೌರ್ಬಲ್ಯವೂ ಇದರಲ್ಲಿಯೇ ಅಡಗಿದೆ. ದಾಖಲೆಯಲ್ಲಿರುವ ಅತಿ ಕೆಟ್ಟ ಬರಗಾಲಕ್ಕೆ ಅದು ಉತ್ತರ ಕೊಡುತ್ತದೆಯಲ್ಲದೆ, ದಾಖಲೆಗೆ ಇನ್ನೂ ಬಾರದಿರುವ ಬರಗಾಲಕ್ಕೆ ಕೊಡುವುದಿಲ್ಲ. ಈಜಿಪ್ಟಿನಲ್ಲಿ ದೀರ್ಘಕಾಲ ದುಡಿದ ಹರ್ಸ್ಟ್ ಎಂಬ ಜಲವಿಜ್ಞಾನಿ ನೈಲ್ ನದಿಯ ಶತಶತಮಾನಗಳ ಮಟ್ಟಗಳನ್ನು ಪರಿಶೀಲಿಸಿ, ಒಳ್ಳೆಯ ವರ್ಷಗಳೂ ಕೆಟ್ಟ ವರ್ಷಗಳೂ ಬಿಡಿಬಿಡಿಯಾಗಿ ಬಾರದೆ ಗುಂಪುಗುಂಪಾಗಿ ಬರುತ್ತವೆಂದೂ, ಆದುದರಿಂದ ವರ್ಷಗಳು ಒಂದಕ್ಕೊಂದು ಸಂಬಂಧವಿಲ್ಲದೆ ಬರುವುವೆಂದು ನಂಬಿ ಕಟ್ಟಿದ ಸಂಗ್ರಹ ಸಾಲದೆಂದೂ 1951ರಲ್ಲಿ ತೋರಿಸಿಕೊಟ್ಟನು. ಹೆಸರಘಟ್ಟದ ಸೋಲು ಈ ಬಗೆಯದು: ಮಳೆ ಕೈಕೊಟ್ಟಿತು, ಕೆರೆ ಬತ್ತಿತು.

ತಿಪ್ಪಗೊಂಡನಹಳ್ಳಿಯದು ಹಾಗಲ್ಲ. ಅಲ್ಲಿ ಮಳೆ ಹೇಳಿಕೊಳ್ಳುವಷ್ಟು ಕಡಮೆಯಾಗಲಿಲ್ಲ. ಹೊಳೆ ಮಾತ್ರ ಬತ್ತಿತು. ಜಲಾನಯನ ಪ್ರದೇಶದಲ್ಲಿ ಕೊಳವೆಬಾವಿಗಳು ಆಳಆಳಕ್ಕೆ ಇಳಿದು ಅಂತರ್ಜಲ ಕುಸಿದುದರಿಂದ, ಹಿಂದೆ ಒಸರಿ ಹೊಳೆಯನ್ನು ಸೇರುತ್ತಿದ್ದ ನೀರು ನಿಂತಿತು. ರಾಗಿ ಬೆಳೆಯುತ್ತಿದ್ದ ಹೊಲಗಳಲ್ಲಿ ನೀಲಗಿರಿಯ ತೋಪುಗಳೆದ್ದು ಮಣ್ಣಿನ ತೇವವನ್ನು ಹೀರಿ ಆವಿಯಾಗಿಸಿದುವು. ನೂರು ವರ್ಷಗಳ ಮಳೆಯ ದಾಖಲೆಯಿದ್ದರೂ ಇದನ್ನು ಅದರಿಂದ ಕಾಣುವಂತಿರಲಿಲ್ಲ, ಏಕೆಂದರೆ ಬದಲಾದುದು ಆಕಾಶವಲ್ಲ, ನೆಲ. ಕಟ್ಟೆಯನ್ನು ಕಟ್ಟಿದವರು ನೀರನ್ನು ಕಾಯ್ದರು, ನೀರು ಬರುವ ದಾರಿಯನ್ನು ಕಾಯಲಿಲ್ಲ.

ಇಷ್ಟರಲ್ಲಿ ನಗರದ ಕಣ್ಣು ಕಾವೇರಿಯ ಮೇಲೆ ನೆಟ್ಟಿತ್ತು. 1964ರಲ್ಲಿ ಜಲಮಂಡಳಿ ಸ್ಥಾಪಿತವಾಯಿತು. 1974ರಲ್ಲಿ ಮೊದಲನೆಯ ಹಂತದ 13.5 ಕೋಟಿ ಲೀಟರ್ ದಿನಂಪ್ರತಿ ಬರತೊಡಗಿತು. ಹಂತದ ಮೇಲೆ ಹಂತ ಸೇರಿ, 2024ರ ಅಕ್ಟೋಬರಿನಲ್ಲಿ ಐದನೆಯ ಹಂತ ಕೂಡಿದ ಮೇಲೆ ಒಟ್ಟು ಸಾಮರ್ಥ್ಯ ದಿನಕ್ಕೆ ಸುಮಾರು 222 ಕೋಟಿ ಲೀಟರಾಯಿತು. ಈ ನೀರು ತೊರೆಕಾಡನಹಳ್ಳಿಯಿಂದ ನೂರು ಕಿಲೋಮೀಟರಿನಷ್ಟು ದೂರ ಬರಬೇಕು, ಅದಕ್ಕಿಂತ ಮುಖ್ಯವಾಗಿ ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಗಳಲ್ಲಿ ಮೂರು ನೆಗೆತಗಳಲ್ಲಿ ಸುಮಾರು 500 ಮೀಟರ್ ಮೇಲೇರಬೇಕು. ಸಾವಿರ ಲೀಟರ್ ನೀರನ್ನು ಅಷ್ಟು ಎತ್ತಲು, ಯಂತ್ರದಲ್ಲಿ ಒಂದಿಷ್ಟೂ ನಷ್ಟವಾಗದೆಂದು ಭಾವಿಸಿದರೂ, 1.36 ಯೂನಿಟ್ ವಿದ್ಯುತ್ತು ಬೇಕು. ಪಂಪಿನ ನಷ್ಟವನ್ನೂ ಕೊಳವೆಯ ಘರ್ಷಣೆಯನ್ನೂ ಸೇರಿಸಿದರೆ ಅದು ಎರಡು ಯೂನಿಟ್ಟಿನ ಸಮೀಪಕ್ಕೆ ಬರುತ್ತದೆ. ಗುರುತ್ವಾಕರ್ಷಣೆಯ ಈ ಸುಂಕವನ್ನು ಯಾವ ಸರ್ಕಾರವೂ ಮನ್ನಾ ಮಾಡಲಾರದು. ನಾಲ್ವರ ಸಂಸಾರವೊಂದು ಮಿತವಾಗಿ ಬಳಸಿದರೂ, ನಲ್ಲಿಯನ್ನು ತಿರುಗಿಸುವ ಮೊದಲೇ ದಿನಕ್ಕೊಂದು ಯೂನಿಟ್ಟನ್ನು ವೆಚ್ಚಮಾಡಿರುತ್ತದೆ.

ಕಾವೇರಿಯಲ್ಲಿಯೂ ಪಾಲಿಗೆ ಮಿತಿಯುಂಟು. 2007ರ ನ್ಯಾಯಾಧಿಕರಣದ ತೀರ್ಪು, ನಗರದ ಮೂರನೆಯ ಒಂದು ಭಾಗ ಮಾತ್ರ ಕಾವೇರಿಯ ಕೊಳ್ಳದಲ್ಲಿದೆಯೆಂದು ಅಷ್ಟಕ್ಕೇ ಲೆಕ್ಕ ಹಿಡಿದಿತ್ತು. 2018ರಲ್ಲಿ ಸುಪ್ರೀಂ ಕೋರ್ಟು ಆ ದೃಷ್ಟಿಯನ್ನು ಒಪ್ಪದೆ, ಬೆಂಗಳೂರಿನ ಕುಡಿಯುವ ನೀರಿಗೆಂದು 4.75 ಟಿಎಂಸಿಯನ್ನು ಹೆಚ್ಚಿಸಿತು. ಇನ್ನೂ ಹೆಚ್ಚು ಬೇಕೆಂದರೆ ಅದು ಇಂಜಿನಿಯರರ ಕೈಯಲ್ಲಿರುವ ಮಾತಲ್ಲ.

ಹಾಗಾದರೆ ಉಳಿದುದೇನು? ಸೋರಿಕೆಯನ್ನು ತಡೆಯುವುದೊಂದು. ಒಂದು ಕಾಲಕ್ಕೆ ಹೊರಟ ನೀರಿನಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಲೆಕ್ಕಕ್ಕೆ ಸಿಗದೆ ಹೋಗುತ್ತಿತ್ತು. ನೂರು ಕಿಲೋಮೀಟರ್ ದೂರದಿಂದ ಎತ್ತಿ ತಂದ ನೀರು ರಸ್ತೆಯ ಕೆಳಗೆ ಇಂಗುವುದಕ್ಕಿಂತ ದುಬಾರಿಯಾದ ಅಂತರ್ಜಲ ಮರುಪೂರಣವಿಲ್ಲ. ಮಳೆಯ ನೀರು ಇನ್ನೊಂದು. ಸುಮಾರು 740 ಚದರ ಕಿಲೋಮೀಟರಿನ ನಗರದ ಮೇಲೆ ವರ್ಷಕ್ಕೆ 970 ಮಿಲಿಮೀಟರಿನಷ್ಟು ಮಳೆ ಬಿದ್ದರೆ ಅದು ಸುಮಾರು 25 ಟಿಎಂಸಿ. ಕಾವೇರಿಯ ಐದೂ ಹಂತಗಳು ಪೂರ್ಣವಾಗಿ ನಡೆದರೆ ವರ್ಷಕ್ಕೆ ತರುವುದು 28 ಟಿಎಂಸಿಗಿಂತ ಸ್ವಲ್ಪ ಹೆಚ್ಚು. ಇವೆರಡನ್ನು ಅಕ್ಕಪಕ್ಕದಲ್ಲಿಟ್ಟು ಉತ್ಸಾಹಗೊಳ್ಳುವವರುಂಟು. ಆದರೆ ಆ ಮಳೆಯಲ್ಲಿ ಬಹುಪಾಲು ಕೆಲವೇ ತಿಂಗಳುಗಳಲ್ಲಿ ಸುರಿದು, ಒಂದು ಭಾಗ ಆವಿಯಾಗಿ, ಒಂದು ಭಾಗ ರಸ್ತೆಯ ಕೊಳೆಯೊಡನೆ ಬೆರೆತುಹೋಗುವುದರಿಂದ, ಚಾವಣಿಯ ನೀರು ಸಹಾಯಕವಾದೀತೇ ಹೊರತು ಆಧಾರವಾಗಲಾರದು.

ನಗರ ಬೆಳೆದಂತೆ ತಾನೂ ಬೆಳೆಯುವ ಜಲಮೂಲ ಒಂದೇ ಒಂದು: ನಗರವೇ ಬಳಸಿ ಬಿಟ್ಟ ನೀರು. ಮನೆಗೆ ಬಂದುದರಲ್ಲಿ ಐದರಲ್ಲಿ ನಾಲ್ಕು ಪಾಲು ಚರಂಡಿಯ ಮೂಲಕ ಹಿಂತಿರುಗುತ್ತದೆ. ಬೇಸಗೆಯಲ್ಲಿಯೂ ಅದು ಬತ್ತುವುದಿಲ್ಲ. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಇಂಥ ನೀರನ್ನು ಎರಡನೆಯ ಹಂತದವರೆಗೆ ಶುದ್ಧಿಮಾಡಿ, 2018ರಿಂದ ಕೋಲಾರದ ಬತ್ತಿದ ಕೆರೆಗಳಿಗೆ ತುಂಬಿಸಲಾಗುತ್ತಿದೆ. ಅಷ್ಟು ಶುದ್ಧಿ ಸಾಲದೆಂಬ ಆಕ್ಷೇಪ ಅಲ್ಲಿಯ ರೈತರಲ್ಲಿ ಕೆಲವರಿಗಿದೆ, ಅದು ತಳ್ಳಿಹಾಕತಕ್ಕ ಆಕ್ಷೇಪವಲ್ಲ. ನಮೀಬಿಯಾದ ರಾಜಧಾನಿ ವಿಂಡ್‌ಹುಕ್ ತನ್ನ ಬಳಸಿದ ನೀರನ್ನು ಶೋಧಿಸಿ, ಬೇರೆ ನೀರಿನೊಡನೆ ಬೆರೆಸಿ, 1968ರಿಂದ ಕುಡಿಯುತ್ತಿದೆ. ಅಲ್ಲಿಯ ಶೋಧನಾಯಂತ್ರಗಳನ್ನು ಹೊಗಳುವವರು ಗಮನಿಸದೆ ಬಿಡುವ ಒಂದು ಅಂಶವೆಂದರೆ, ಆ ಊರಿನಲ್ಲಿ ಕಾರ್ಖಾನೆಗಳ ಕಲ್ಮಷ ಮನೆಗಳ ಚರಂಡಿಯೊಡನೆ ಬೆರೆಯದಂತೆ ಬೇರೆ ದಾರಿಯಲ್ಲಿ ಹೋಗುತ್ತದೆ. ಸಾವಯವ ಕೊಳೆಯನ್ನು ಸೂಕ್ಷ್ಮಜೀವಿಗಳು ತಿಂದು ಮುಗಿಸಬಲ್ಲವು. ಲೇಪನದ ಕಾರ್ಖಾನೆಯಿಂದ ಬಂದ ಕ್ರೋಮಿಯಮ್ಮನ್ನು ತಿನ್ನಲಾರವು. ಪೀಣ್ಯದ ಕೈಗಾರಿಕಾ ಪ್ರದೇಶದ ಹೊಲಸೂ ಲಕ್ಷಾಂತರ ಮನೆಗಳ ಬಚ್ಚಲುನೀರೂ ವೃಷಭಾವತಿಯಲ್ಲಿ ಒಂದಾಗುತ್ತಿರುವವರೆಗೆ ಆ ಕಣಿವೆಯ ನೀರನ್ನು ಯಾವ ವೆಚ್ಚದಲ್ಲಿ ಶೋಧಿಸಿದರೂ ಕುಡಿಯುವ ಧೈರ್ಯ ಬಾರದು. ಅವೆರಡನ್ನು ಬೇರ್ಪಡಿಸುವುದೆಂದರೆ ಹಳೆಯ ಗಲ್ಲಿಗಳನ್ನು ಅಗೆದು ಎರಡನೆಯ ಕೊಳವೆಸಾಲನ್ನು ಹೂಳುವುದು. ಅದಕ್ಕೆ ಅಣೆಕಟ್ಟಿನ ವೈಭವವಿಲ್ಲ, ಉದ್ಘಾಟನೆಯ ಶಿಲಾಫಲಕವಿಲ್ಲ, ಇಂದು ಪ್ರಾರಂಭಿಸಿದರೆ ಮುಗಿಯಲು ಎರಡು ಮೂರು ದಶಕಗಳು ಹಿಡಿಯುತ್ತವೆ. ಮೂವತ್ತು ವರ್ಷಗಳ ಯೋಜನೆಯಲ್ಲಿ ಮೊದಲು ಬರಬೇಕಾದ ಕೆಲಸವೂ ಅದೇ.